ಎಡಗೆನ್ನೆಯ ಸಂಧಾನ

"ಕೆಂಪಾಯ್ತು ಅಂದ್ರೆ ಗುಣ ಆಗ್ತಾ ಉಂಟು ಅಂತಲೇ ಅಲ್ವಾ?"

ಹೋಟೆಲಿನಲ್ಲಿ ಗಿರಾಕಿಗಳು ಕೈತೊಳೆಯುವ ಜಾಗದ ಕನ್ನಡಿಯ ಮುಂದೆ ನಿಂತು, ಎಡಗೆನ್ನೆಯನ್ನು ಹೆಬ್ಬೆರಳಿನಿಂದ ಹೊರಕ್ಕೆಳೆದು, ಉಮಾನಾಥರು ಕೇಳಿದರು. ಎದುರಿಗೆ ಯಾರೂ ಇರಲಿಲ್ಲ. ಕೆನ್ನೆ ಎಳೆದುಕೊಂಡು ಆಡಿದ ಆ ಮಾತು ಇನ್ನೊಬ್ಬರಿಗೆ ತಿಳಿಯುವಂತೆಯೂ ಇರಲಿಲ್ಲ. ಆದರೆ ಅಡಿಗೆಮನೆಯ ಹೊಸ್ತಿಲಲ್ಲಿ ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದ ಅವರ ಹೆಂಡತಿ ಮನೋರಮಮ್ಮನಿಗೆ ಪ್ರತಿ ಅಕ್ಷರವೂ ತಿಳಿಯಿತು. ತಿಂಗಳುಗಟ್ಟಲೆ ಬೆಳಗಾದರೆ ಕೇಳುತ್ತಿದ್ದದ್ದು ಅದನ್ನೇ.

ಎಪ್ಪತ್ತಮೂರನೆಯ ಇಸವಿ. ನಾಸಿಕದ ರವಿವಾರ ಕಾರಂಜಾದ ಹತ್ತಿರ ಉಮಾನಾಥರ ಅನಂತ ವಿಲಾಸವನ್ನು ಕೇಳಿದರೆ ಟಾಂಗಾದ ಕುದುರೆಯೂ ತಾನಾಗಿ ತಿರುಗುತ್ತಿತ್ತು. ಅಲ್ಲಿನ ಸಾಂಬಾರಿಗೆ ಹೆಸರಿತ್ತು. ಆ ಹೆಸರಿನ ಹಿಂದೆ ಇದ್ದದ್ದು ಈ ಎಡಗೆನ್ನೆ. ಬೆಳಗಿನ ಮೊದಲ ಸಾಂಬಾರು ಇಳಿಯುತ್ತಲೇ ಒಂದು ಚಮಚ ದೇವರ ಪಟಕ್ಕೆ ನೈವೇದ್ಯವಾಗುತ್ತಿತ್ತು. ಇನ್ನೊಂದು ಸೌಟನ್ನು ಕುದಿಕುದಿಯಾಗಿಯೇ ಬಾಯಿಗೆ ಬಿಟ್ಟುಕೊಂಡು, ನಾಲಗೆಗೆ ತಾಗಿಸದೆ, ಉಮಾನಾಥರು ಎಡಗೆನ್ನೆಯ ಚೀಲದಲ್ಲಿ ನಿಲ್ಲಿಸಿ ರುಚಿ ನೋಡುತ್ತಿದ್ದರು. ನಾಲಗೆ ಸುಟ್ಟುಕೊಂಡರೆ ಮಾತಾಡುವುದು ಹೇಗೆ? ಕೆನ್ನೆಗಾದರೆ ಮಾತಿನ ಕೆಲಸವಿಲ್ಲ ಎಂದು ಅವರ ಲೆಕ್ಕ. ಸಾಂಬಾರು ಒಪ್ಪಿಗೆಯಾದ ಮೇಲೆ ಅದೇ ಚೀಲಕ್ಕೆ ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು ಹೋಗಿ ಕೂರುತ್ತಿದ್ದವು. ಊಟಕ್ಕೆಂದು ತೆಗೆದರೆ ಊಟವಾದ ಮೇಲೆ ಮತ್ತೆ ಹೊಸದು.

ಚೌತಿಯ ಹೊತ್ತಿಗೆ ಆ ಜಾಗದಲ್ಲಿ ಒಂದು ಬಿಳಿ ಮಚ್ಚೆ ಕಂಡಿತ್ತು. ದೀಪಾವಳಿಗೆ ಅದು ಹುಣ್ಣಾಯಿತು. ಅಂಚುಗಳು ಕೆಂಪಾದಾಗ ಉಮಾನಾಥರಿಗೆ ಸಮಾಧಾನವಾಯಿತು. ಬಿಳಿ ಎಂದರೆ ಸತ್ತ ಚರ್ಮ, ಕೆಂಪು ಎಂದರೆ ಹೊಸ ರಕ್ತ. ರಕ್ತ ಬಂದಲ್ಲಿ ಗುಣ ಬಂತು. ಇನ್ನಷ್ಟು ರಕ್ತ ಬರಲಿ ಎಂದು ಕರಿಮೆಣಸಿನ ಕಷಾಯವನ್ನು ಬಿಸಿಬಿಸಿಯಾಗಿ ಮುಕ್ಕಳಿಸಿದರು, ಲವಂಗದ ಎಣ್ಣೆ ಸವರಿದರು. ಹುಣ್ಣು ಅವರ ಮಾತನ್ನು ಚೆನ್ನಾಗಿಯೇ ಕೇಳಿ ದಿನದಿಂದ ದಿನಕ್ಕೆ ಕೆಂಪೇರುತ್ತ ಹೋಯಿತು.

ಡಾಕ್ಟರಿಗೆ ತೋರಿಸಿ ಎಂದು ಮನೋರಮಮ್ಮ ಹೇಳದ ದಿನವಿರಲಿಲ್ಲ. ಆದರೆ ಉಮಾನಾಥರೊಡನೆ ವಾದಿಸಿ ಗೆದ್ದವರು ನಾಸಿಕದಲ್ಲಿ ಇರಲಿಲ್ಲ. ಅವರು ತಾಳಮದ್ದಳೆಯ ಅರ್ಥಧಾರಿ. ಊರು ಬಿಟ್ಟು ಬಂದ ಕರಾವಳಿಯ ಹೋಟೆಲಿನವರೆಲ್ಲ ಸೇರಿ, ವೇಷವಿಲ್ಲದೆ, ಕುಣಿತವಿಲ್ಲದೆ, ಚಾಪೆಯ ಮೇಲೆ ಕುಳಿತು ನಡೆಸುವ ಆ ಕೂಟದಲ್ಲಿ ಭಾಗವತರು ಒಂದು ಪದ್ಯ ಹಾಡಿದರೆ ಉಮಾನಾಥರು ಅದಕ್ಕೆ ಅರ್ಧ ತಾಸು ಅರ್ಥ ಹೇಳುವರು. ಎದುರಿನ ಪಾತ್ರಧಾರಿ ಎಸೆದ ಮಾತನ್ನು ಗಾಳಿಯಲ್ಲೇ ಹಿಡಿದು, ತಿರುಗಿಸಿ, ಅವನ ಎದೆಗೇ ತಾಗಿಸುವರು. ಸೋಲುವ ಪಕ್ಷದ ಪಾತ್ರ ಕೊಟ್ಟರೂ ಗೆದ್ದೇ ಏಳುವ ಅವರಿಂದಾಗಿ ಎಷ್ಟೋ ಸಲ ಕಥೆ ಮುಂದೆ ಹೋಗದೆ ಭಾಗವತರು ಕಷ್ಟಕ್ಕೆ ಬಿದ್ದದ್ದುಂಟು. ಇಂಥವರ ಮುಂದೆ ಮನೋರಮಮ್ಮನ ಒಂದು ಸಾಲಿನ ಮಾತು ಎಲ್ಲಿ ನಿಂತೀತು? ಅವರು ಹೇಳುವುದನ್ನು ನಿಲ್ಲಿಸಿದರು, ಬೇರೆ ದಾರಿ ನೋಡಿದರು.

ಆ ದಾರಿ ಔರಂಗಾಬಾದಿನಲ್ಲಿತ್ತು. ಉಮಾನಾಥರ ಅಕ್ಕನ ಮಗ ಕಿಟ್ಟಣ್ಣ ಅಲ್ಲಿ ಸ್ಟೇಷನ್ ರಸ್ತೆಯಲ್ಲಿ ಹೋಟೆಲು ಇಟ್ಟುಕೊಂಡಿದ್ದ. ಚಿಕಲಠಾಣಾದ ಕಡೆ ಕಾರ್ಖಾನೆಗಳು ಎದ್ದ ಮೇಲೆ ಅಲ್ಲೊಂದು ಎರಡನೆಯದನ್ನು ತೆರೆಯುವವನಿದ್ದ. ಮದುವೆಯಾದವನು, ನಲವತ್ತರ ಹತ್ತಿರದವನು. ಆದರೂ ಮಾವನ ಎದುರು ಕುರ್ಚಿಯಲ್ಲಿ ಕೂತವನಲ್ಲ. ಮಾವ ಹೇಳಿದ್ದಕ್ಕೆ ಹೂಂ ಎನ್ನುವುದು ಅವನಿಗೆ ಉಸಿರಾಡಿದಷ್ಟು ಸಹಜ. ಹೊಸ ಹೋಟೆಲಿನ ಪೂಜೆಗೆ ಮಾವ ಬರಲೇಬೇಕು, ಪೂಜೆಯ ಮಧ್ಯಾಹ್ನ ತಾಳಮದ್ದಳೆಯೂ ಆಗಬೇಕು, ಮತ್ತು ಕಿಟ್ಟಣ್ಣನ ಹೋಟೆಲಿನಲ್ಲಿ ದಿನವೂ ಉಣ್ಣುವ ಆಸ್ಪತ್ರೆಯ ಡಾಕ್ಟರು ಅಂದು ಅಲ್ಲಿರಬೇಕು ಎಂದು ಮನೋರಮಮ್ಮ, ನಾಸಿಕದಿಂದ ಸಾಮಾನು ತೆಗೆದುಕೊಂಡು ಹೊರಟ ಅಡಿಗೆಯ ಶೀನನ ಬಾಯಲ್ಲಿ ಹೇಳಿಕಳಿಸಿದರು. ಕೊನೆಯ ಮಾತನ್ನು ಮಾವನಿಗೆ ಹೇಳಬಾರದೆಂದೂ ಸೇರಿಸಿದರು.

ಡಾಕ್ಟರ ಹೆಸರು ಗುರುಲಿಂಗಪ್ಪ. ಬೀದರ ಜಿಲ್ಲೆಯ ಭಾಲ್ಕಿಯ ಕಡೆಯವರು, ಹಣೆಯಲ್ಲಿ ವಿಭೂತಿ, ತಟ್ಟೆಯಲ್ಲಿ ಎರಡನೆಯ ಸಲ ಬಡಿಸಿಕೊಂಡ ಅನ್ನ. ಹೆಂಡತಿ ಚನ್ನಮ್ಮ ಹೆರಿಗೆಗೆ ತವರಿಗೆ ಹೋದಂದಿನಿಂದ ಕಿಟ್ಟಣ್ಣನೇ ಅವರ ಅನ್ನದಾತ. ತಾಳಮದ್ದಳೆ ಎಂದರೆ ಏನೆಂದು ಅವರು ಅಂದಿನವರೆಗೆ ಕೇಳಿರಲಿಲ್ಲ. ಭಜನೆ ಇರಬಹುದೆಂದು ಬಂದು ಚಾಪೆಯ ತುದಿಯಲ್ಲಿ ಕೂತರು.

ಅಂದಿನ ಪ್ರಸಂಗ ಒಂದು ಸಂಧಾನದ್ದು. ಉಮಾನಾಥರದು ದೂತನ ಪಾತ್ರ. ಭಾಗವತಿಕೆಗೆ ಪೈಠಣದಿಂದ ಮೋಹನದಾಸರು ಬಂದಿದ್ದರು. ಮದ್ದಳೆಗೆ ಶೀನ ಕೂತಿದ್ದ. ಎರಡು ತಾಸು ಉಮಾನಾಥರು ಎದುರಿನ ರಾಜನಿಂದ ಅರ್ಧ ರಾಜ್ಯ ಕೇಳಿದರು, ಐದು ಊರಿಗಿಳಿದರು, ಅದನ್ನೂ ಕೊಡದವನು ರಾಜನೇ ಅಲ್ಲ ಎಂದು ಸಾಧಿಸಿದರು. ಮೋಹನದಾಸರಂತೆಯೇ ಅನಂತ ವಿಲಾಸದಲ್ಲಿ ಪಳಗಿ ಹೋಗಿದ್ದ, ರಾಜನ ಅರ್ಥ ಹೇಳುತ್ತಿದ್ದ ಜಾಲನಾದ ಹೋಟೆಲಿನವರು, ಕೊಡುವುದಿಲ್ಲ ಎಂಬ ಒಂದು ಮಾತು ಆಡಲು ಸಂದು ಸಿಗದೆ ನೀರು ಕುಡಿದರು. ಅಷ್ಟರಲ್ಲಿ ಡಾಕ್ಟರು ಒಂದನ್ನು ಗಮನಿಸಿದ್ದರು. ದೂತನು ಪ್ರತಿ ದೊಡ್ಡ ಮಾತಿಗೂ ಮೊದಲು ಕೈಯನ್ನು ಎಡಗೆನ್ನೆಗೆ ಒತ್ತಿಕೊಳ್ಳುತ್ತಿದ್ದ.

ಮಂಗಳ ಹಾಡಿ ಮುಗಿಸಿ, ಕಾಫಿ ಹಂಚುವಾಗ, ಜನ ಏಳುವ ಮೊದಲೇ ಮನೋರಮಮ್ಮ ಡಾಕ್ಟರನ್ನು ತಂದು ಗಂಡನ ಎದುರು ಕೂರಿಸಿದರು. ಏನು ಎತ್ತ ಎಂದು ಹೇಳಲಿಲ್ಲ. ಕಿಟ್ಟಣ್ಣ ಟಾರ್ಚು ಹಿಡಿದು ನಿಂತ. ನಾಲ್ಕು ಜನರ ಮುಂದೆ ಬಾಯಿ ತೆರೆಯುವುದಿಲ್ಲ ಎನ್ನುವಂತಿರಲಿಲ್ಲ. ಎರಡು ತಾಸಿನಿಂದ ತೆರೆದೇ ಇದ್ದ ಬಾಯಿ ಅದು. ಡಾಕ್ಟರು ಚಮಚದ ಹಿಡಿಯಿಂದ ಕೆನ್ನೆ ಸರಿಸಿ ನೋಡಿದರು, ಒತ್ತಿದರು, ದವಡೆಯ ಕೆಳಗೆ, ಕುತ್ತಿಗೆಯಲ್ಲಿ ಬೆರಳಾಡಿಸಿ ಗಂಟೇನಾದರೂ ಸಿಗುವುದೇ ಎಂದು ತಡಕಿದರು. ಹುಣ್ಣಿನ ಮೇಲೆ ದಿನಾ ಏನು ಬೀಳುತ್ತದೆಂದು ಕೇಳಿದಾಗ ಉಮಾನಾಥರು ಹೆಮ್ಮೆಯಿಂದಲೇ ಹೇಳಿದರು: ಸಾಂಬಾರು, ಸುಣ್ಣ, ಹೊಗೆಸೊಪ್ಪು, ಮೆಣಸಿನ ಕಷಾಯ. ರಕ್ತ ಚೆನ್ನಾಗಿ ಬರುತ್ತಾ ಉಂಟು, ವಾಸಿಯಾಗುವ ಲಕ್ಷಣ ಎಂದೂ ಕೂಡಿಸಿದರು.

"ರಕ್ತ ಬರ್ಲಾಕತ್ತದ, ಖರೆ ಅದ," ಎಂದರು ಡಾಕ್ಟರು. "ಯಾರ ಸಲುವಾಗಿ ಬರ್ಲಾಕತ್ತದ, ಅದು ನೋಡ್ಬೇಕ್ರಿ. ಗಾಯ ಆದ್ರ ಮೈ ಒಂದು ಕೂಗು ಹಾಕ್ತದ. ಆ ಕೂಗಿಗಿ ರಕ್ತ ಓಡಿ ಬರ್ತದ, ಹೊಸ ನಾಳ ಚಿಗೀತಾವ, ರಿಪೇರಿ ಆಗ್ತದ. ಆಮ್ಯಾಲ ಕೂಗು ನಿಲ್ಲಬೇಕು. ನೀವು ದಿನಾ ಅದರ ಮ್ಯಾಲ ಬೆಂಕಿ ಸುರೀತೀರಿ. ಕೂಗು ನಿಲ್ಲೋದೇ ಇಲ್ಲ."

ನಿಲ್ಲದ ಆ ಕೂಗಿನ ಗದ್ದಲದಲ್ಲಿ ಮೈಯ ಕೆಲವು ಜೀವಕಣಗಳು ಕೆಟ್ಟು ತಮ್ಮ ಪಾಡಿಗೆ ಬೆಳೆಯಲು ಹೊರಡುತ್ತವೆ ಎಂದರು. ಮೊದಲು ಎಲ್ಲ ಸೇರಿ ಬಟಾಣಿಯಷ್ಟಿರುತ್ತವೆ, ರಕ್ತ ಸಿಗದಿದ್ದರೆ ಅಷ್ಟರಲ್ಲೇ ನಿಲ್ಲುತ್ತವೆ. ಆಮೇಲೆ ಗಾಯದ ಕೂಗನ್ನೇ ತಾವೂ ಕಲಿತುಬಿಡುತ್ತವೆ; ರಕ್ತನಾಳಗಳನ್ನು ತಮ್ಮ ಕಡೆಗೆ ಕರೆಯುತ್ತವೆ. ಅಮೆರಿಕದ ಒಬ್ಬ ಸರ್ಜನ್ ಎರಡು ವರ್ಷದ ಹಿಂದೆ ಇದನ್ನು ಬರೆದಿದ್ದಾನೆ, ದೊಡ್ಡವರು ಇನ್ನೂ ಪೂರ್ತಿ ಒಪ್ಪಿಲ್ಲ, ತನಗಂತೂ ನಿಜವೆನಿಸುತ್ತದೆ ಎಂದರು. ನಾಳ ಬಂದರೆ ಅನ್ನ ಬಂತು, ಅನ್ನ ಬಂದರೆ ಗಡ್ಡೆ ಬೆಳೆಯಿತು. ಬೆಳೆದದ್ದು ಅಲ್ಲೇ ಕೂರುವುದಿಲ್ಲ. ರಕ್ತದ ದಾರಿ, ದುಗ್ಧರಸದ ದಾರಿ, ಯಾವುದು ಸಿಕ್ಕಿತೋ ಅದನ್ನು ಹಿಡಿದು ಹೊರಡುತ್ತದೆ. ಕೆನ್ನೆಯದು ಮೊದಲು ಇಳಿಯುವುದು ಕುತ್ತಿಗೆಗೆ. ಇದು ಅದೇ ಆಗಿದ್ದರೆ ಇಳಿಯುವ ಮೊದಲೇ ಕೆನ್ನೆಯಿಂದ ಕೊಯ್ದು ತೆಗೆಯಬೇಕು ಎಂದರು.

ಚಾಪೆಯ ಮೇಲಿದ್ದವರ ಮುಖದಲ್ಲಿ ಏನೂ ತಿಳಿದಂತೆ ಕಾಣಲಿಲ್ಲ. ಡಾಕ್ಟರು ಸುತ್ತ ನೋಡಿದರು, ಹೊಸ ಗೋಡೆಯ ಹಸಿ ಸುಣ್ಣ ನೋಡಿದರು. ಅವರಿಗೆ ಒಂದು ಉಪಮೆ ಹೊಳೆಯಿತು. ಹೊಳೆಯದಿದ್ದರೆ ಚೆನ್ನಾಗಿತ್ತು.

"ಹೋಟೆಲ್ ಇದ್ದಂಗ ನೋಡ್ರಿ. ನೀವು ನಾಸಿಕ್‌ದಾಗ ಮೊದಲ ಒಂದೇ ಒಲಿ ಹೂಡಿದ್ರಂತ. ಒಂದು ಒಲಿಗಿ ಕೊಡದ ನೀರು ಸಾಕು. ದೊಡ್ಡದಾಗಬೇಕಂದ್ರ ನಳ ತರಿಸಿದ್ರಿ, ಹಾಲಿನವ್ರಿಗಿ ದಾರಿ ಮಾಡಿದ್ರಿ, ಕಟಗಿ ಗಾಡಿ ಬಾಗಿಲಿಗೇ ಬಂತು. ಆಮ್ಯಾಲ ಅದೇ ದಾರಿ ಹಿಡದು ನಿಮ್ಮ ಮಂದಿ ಹೊರಬಿದ್ರು. ಒಬ್ಬ ಪೈಠಣಕ್ಕ, ಒಬ್ಬ ಜಾಲನಾಕ್ಕ, ಇವ್ರು ಇಲ್ಲಿಗಿ. ಈಗ ಚಿಕಲಠಾಣಾಕ್ಕ."

ಪೂಜೆಯ ದಿನ, ಹೊಸ ಹೋಟೆಲಿನ ಒಳಗೇ ಕೂತು, ಇಡೀ ಬಳಗವನ್ನು ಒಂದು ರೋಗವೆಂದು ಕರೆದಾಗಿತ್ತು.

"ಹಾಗಾದರೆ," ಎಂದ ಕಿಟ್ಟಣ್ಣ, ಟಾರ್ಚು ಇನ್ನೂ ಹಿಡಿದುಕೊಂಡೇ, "ನಾನು ಕುತ್ತಿಗೆಯ ಗಂಟು ಅಂತಾಯ್ತು."

ನಗು ಒಡೆಯಿತು. ಜಾಲನಾದವರು, ತಾನು ಯಾವ ಅಂಗಕ್ಕೆ ಇಳಿದಂತಾಯಿತು ಎಂದು ಡಾಕ್ಟರನ್ನೇ ಕೇಳಿದರು. ಉಮಾನಾಥರು ಮಾತ್ರ ನಗಲಿಲ್ಲ. ಕುಳಿತಲ್ಲೇ ಬೆನ್ನು ನೆಟ್ಟಗಾಯಿತು, ಶಾಲು ಹೆಗಲಿಗೇರಿತು. ಅವರಿಗೆ ಎದುರಾಳಿ ಸಿಕ್ಕಿದ್ದ.

ಮುಂದಿನದು ಡಾಕ್ಟರಿಗೆ ಒಂದು ತಪಾಸಣೆ, ಅಲ್ಲಿದ್ದ ಮಿಕ್ಕವರಿಗೆಲ್ಲ ಎರಡನೆಯ ಪ್ರಸಂಗ. ಉಮಾನಾಥರು ಮೊದಲು ಎದುರಾಳಿಯನ್ನು ಹೊಗಳಿದರು. ವೈದ್ಯರು ವಿದ್ವಾಂಸರು, ಅವರ ಮಾತಿನ ಒಂದಕ್ಷರವನ್ನೂ ತಾನು ಅಲ್ಲಗಳೆಯುವುದಿಲ್ಲ ಎಂದರು. ದಾರಿಯಿಲ್ಲದಿದ್ದರೆ ಬಟಾಣಿ ಬಟಾಣಿಯಾಗಿಯೇ ಉಳಿಯುತ್ತದೆ ಎಂಬುದು ವೈದ್ಯರ ಮಾತೇ ತಾನೇ? ಹೌದು ಎಂದರು ಡಾಕ್ಟರು. ದೊಡ್ಡದಾಗದ್ದು, ಹೊರಡದ್ದು ಯಾರಿಗೂ ಕೇಡು ಮಾಡುವುದಿಲ್ಲ ತಾನೇ? ಹಾಂಗೇ ಅನ್ನಬಹುದು ಎಂದರು ಡಾಕ್ಟರು, ಮುಂದೆ ಹಳ್ಳವಿರುವುದು ಕಾಣದೆ.

"ಅಂದ ಮೇಲೆ ದಾರಿಯನ್ನು ಕಡಿಯಿರಿ, ಬಟಾಣಿಯನ್ನು ಬಿಡಿ. ಪಾಪ, ಅದು ಒಂದು ಮೂಲೆಯಲ್ಲಿ ಬಾಡಿಗೆಗೆ ಇರಲಿ. ಕೆನ್ನೆ ಕೊಯ್ಯುವ ಮಾತು ಎಲ್ಲಿಂದ ಬಂತು?"

ಡಾಕ್ಟರು ತಲೆ ಕೆರೆದುಕೊಂಡರು. ನಾಳಗಳು ಹುಟ್ಟದಂತೆ ತಡೆಯುವ ಔಷಧ ಇನ್ನೂ ಬಂದಿಲ್ಲ, ಆ ಅಮೆರಿಕದವನೇ ಹುಡುಕುತ್ತಿದ್ದಾನೆ ಎಂದರು.

"ಔಷಧ ಇಲ್ಲದ್ದು ವೈದ್ಯರ ಕೊರತೆ. ಅದರ ಶಿಕ್ಷೆ ನನ್ನ ಕೆನ್ನೆಗೆ ಯಾಕೆ?"

ಶೀನನಿಗೆ ತಡೆಯಲಾಗಲಿಲ್ಲ. ಮದ್ದಳೆಯ ಮೇಲೆ ಒಂದು ಮುಕ್ತಾಯ ಹೊಡೆದೇಬಿಟ್ಟ. ಮೋಹನದಾಸರು ತಾಳ ತಟ್ಟಿದರು. ಹೋಟೆಲಿನವರೆಲ್ಲ ತಲೆದೂಗಿದರು: ಉಮಾನಾಥರು ಗೆದ್ದರು, ಇದರಲ್ಲಿ ಎರಡು ಮಾತಿಲ್ಲ. ಗೆದ್ದವರು ಪ್ರಸನ್ನರಾಗಿ ಒಂದು ಎಲೆ ಮಡಿಸಲು ಕೈ ಹಾಕಿದರು. ಅವರ ಮನಸ್ಸಿನಲ್ಲಿ ಹುಣ್ಣು ಅಲ್ಲಿಗೆ ಸೋತು, ಬಂದ ದಾರಿಯಲ್ಲೇ ಹಿಂತಿರುಗಿತ್ತು.

ಮನೋರಮಮ್ಮ ಡಾಕ್ಟರ ಕಡೆ ನೋಡಿದರು. ಆ ನೋಟದಲ್ಲಿ ಏನಿತ್ತೋ, ಅನ್ನದ ಋಣವೂ ನೆನಪಾಯಿತೋ ಏನೋ, ಗುರುಲಿಂಗಪ್ಪನವರು ಎದ್ದು ನಿಂತು ಕೈಮುಗಿದರು.

"ನಾ ಸೋತೆ, ಒಪ್ಪಿದೆ. ಕೇಳಿದ್ದು ಕೊಡದವ ರಾಜನೇ ಅಲ್ಲಂತ ಈಗಷ್ಟೇ ನಿಮ್ಮ ಬಾಯಿಂದ ಕೇಳೀನ್ರಿ, ಗೆದ್ದ ರಾಜ ಈಗ ನೀವೇ. ಜ್ವಾಳದ ಕಾಳಷ್ಟು ಆ ಹುಣ್ಣಿನ ಚೂರು ನನಗ ದಾನ ಕೊಡ್ರಿ."

ಸಭೆ ಉಮಾನಾಥರನ್ನು ನೋಡಿತು. ಐದು ಊರು ಕೊಡದ ರಾಜನನ್ನು ಅರ್ಧ ತಾಸು ಹಳಿದ ಬಾಯಿ ಅದು. ಈಗ ಒಂದು ಕಾಳಿಗೆ ಇಲ್ಲ ಎನ್ನಲು ಬರುವುದಿಲ್ಲ. ಮರುದಿನ ಆಸ್ಪತ್ರೆಯಲ್ಲಿ ಚೂರು ದಾನವಾಯಿತು. ಉಮಾನಾಥರು ದಾನದ ಮಂತ್ರ ಹೇಳಿಯೇ ಬಾಯಿ ತೆರೆದರು ಎಂದು ಕಿಟ್ಟಣ್ಣ ಆಮೇಲೆ ಎಲ್ಲರಿಗೂ ಹೇಳುತ್ತಿದ್ದ.

ಚೂರನ್ನು ಪರೀಕ್ಷೆಗೆ ಕಳಿಸಿ ಉತ್ತರ ಬರುವ ತನಕ ಔರಂಗಾಬಾದಿನಲ್ಲೇ ಉಳಿಯಬೇಕಾಯಿತು. ಆ ದಿನಗಳಲ್ಲಿ ಉಮಾನಾಥರಿಗೆ ಇನ್ನೊಂದು ಯುಕ್ತಿ ಹೊಳೆಯಿತು. ಗಡ್ಡೆಗೆ ಅನ್ನ ಹೋಗುವುದು ತಾನು ಉಂಡದ್ದರಿಂದ. ಉಣ್ಣದಿದ್ದರೆ ಅದು ಸಾಯಬೇಕು. ಏಕಾದಶಿಗೆ ಹಿಡಿದ ಉಪವಾಸವನ್ನು ದ್ವಾದಶಿಗೂ ಬಿಡಲಿಲ್ಲ. ಆದರೆ ಹೊಗೆಸೊಪ್ಪು ಊಟವಲ್ಲವಾದ್ದರಿಂದ ಅದಕ್ಕೆ ದೋಷವಿಲ್ಲ ಎಂದರು. ಚತುರ್ದಶಿಗೆ ಎದ್ದು ನಿಂತವರು ಹಾಗೆಯೇ ಕೂತರು. ಡಾಕ್ಟರು ಬಂದು, ಮನೆಯಲ್ಲಿ ಅನ್ನ ಕಡಿಮೆಯಾದರೆ ಮೊದಲು ಉಣ್ಣುವವನು ಆ ಬಾಡಿಗೆದಾರನೇ, ಯಜಮಾನನಿಗೆ ಮಿಕ್ಕಿದ್ದು ಎಂದು ಹೇಳಿದ ಮೇಲೆ ಗಂಜಿ ಕುಡಿದರು. ಎಲೆಯ ಚೀಲ ಅದೇ ದಿನ ಮನೋರಮಮ್ಮನ ಟ್ರಂಕಿಗೆ ಹೋಯಿತು. ಬೀಗದ ಕೈ ಮಾಂಗಲ್ಯದ ಸರಕ್ಕೆ ಹೋಯಿತು. ಅಲ್ಲಿ ವಾದ ನಡೆಯುವುದಿಲ್ಲವೆಂದು ಉಮಾನಾಥರಿಗೂ ಗೊತ್ತು.

ಉತ್ತರ ಬಂದ ದಿನ ಗುರುಲಿಂಗಪ್ಪನವರು ಉಪಮೆ ಹುಡುಕಲಿಲ್ಲ. ಅದು ಕ್ಯಾನ್ಸರೇ. ಕುತ್ತಿಗೆಯಲ್ಲಿ ಇನ್ನೂ ಏನೂ ಕೈಗೆ ಸಿಕ್ಕಿಲ್ಲ. ಈಗ ತೆಗೆದರೆ ಉಳಿಯುವ ಆಸೆ ಚೆನ್ನಾಗಿದೆ, ತಡಮಾಡಿದರೆ ದಿನದಿನಕ್ಕೂ ಕಡಿಮೆ. ಗುರುವಾರ ಆಪರೇಷನ್. ಕೆನ್ನೆಯ ಒಳಭಾಗ ಹೋಗುತ್ತದೆ, ಬಾಯಿ ಸ್ವಲ್ಪ ಎಡಕ್ಕೆ ಜಗ್ಗುತ್ತದೆ.

ಉಮಾನಾಥರು ಮೆಲ್ಲನೆ ಒಂದೇ ಕೇಳಿದರು. ಆಮೇಲೆ ಮಾತು?

"ಬರ್ತದ್ರಿ. ಮೊದಲಿನಂಗ ಸ್ಪಷ್ಟ ಬರ್ತದಂತ ನಾ ಹೇಳಂಗಿಲ್ಲ."

ಚಿಕ್ಕಂದಿನಲ್ಲಿ ಅಜ್ಜನ ತೊಡೆಯ ಮೇಲೆ ಕೂತು, ಅರ್ಥ ತಿಳಿಯುವ ಮೊದಲೇ ನೂರಾರು ಪದ್ಯಗಳನ್ನು ಕಿವಿಯಿಂದ ಕಲಿತವರು ಅವರು. ಊರಿನಿಂದ ಬರುವಾಗ ತಂದದ್ದು ಅದೊಂದೇ. ಸಾಂಬಾರು, ಗಲ್ಲಾ, ಹೋಟೆಲು ಎಲ್ಲ ಇಲ್ಲಿ ಬಂದ ಮೇಲೆ ಕೂಡಿದ್ದು. ಬುಧವಾರ ವಾರ್ಡಿನ ಮಂಚದಲ್ಲಿ ಮಲಗಿ, ಸಂಧಾನದ ಪದ್ಯವನ್ನು ಬಾಯಿ ಎಡಕ್ಕೆ ಜಗ್ಗಿಕೊಂಡು ಹೇಳಿ ನೋಡಿದರು. ಪಕ್ಕದ ಮಂಚದ ಪೈಠಣದ ನೇಕಾರ, ಹಲ್ಲುನೋವೇ ಎಂದು ಮರಾಠಿಯಲ್ಲಿ ಕೇಳಿದ.

ಗುರುವಾರ ಬೆಳಿಗ್ಗೆ ಮನೋರಮಮ್ಮ ಮಾರುತಿಯ ಗುಡಿಗೆ ಎಣ್ಣೆ ಕೊಟ್ಟು ಬರುವಷ್ಟರಲ್ಲಿ ಮಂಚ ಖಾಲಿಯಾಗಿತ್ತು.

ಚಿಕಲಠಾಣಾದಲ್ಲಿ ಕಾರ್ಖಾನೆಯ ಮೊದಲ ಪಾಳಿಯ ಜನ ತಿಂಡಿಗೆ ಕೂತಿದ್ದರು. ಒಂದು ಟಾಂಗಾ ಬಂದು ನಿಂತಿತು. ಆಸ್ಪತ್ರೆಯ ಗೆರೆಗೆರೆಯ ಅಂಗಿಯ ಮೇಲೆ ಜರಿಯ ಶಾಲು ಹೊದ್ದ ಉಮಾನಾಥರು ಇಳಿದರು. ಗಿರಾಕಿಗಳು ಎದ್ದು ನಮಸ್ಕಾರ ಮಾಡಿದರು. ಯಾವುದೋ ಮಠದ ಸ್ವಾಮಿಗಳೆಂದುಕೊಂಡರೋ ಏನೋ. ಕಿಟ್ಟಣ್ಣ ಕಾಫಿ ಸೋಸುತ್ತಿದ್ದವನು ಕೈಬಿಟ್ಟು ಎದ್ದ.

ಒಂದು ಅಂಗಿ ಕೊಡು, ನಾಸಿಕದ ಬಸ್ಸಿಗೆ ಹತ್ತಿಸು ಎಂದರು ಉಮಾನಾಥರು. ವೇರೂಳದ ಮೇಲಿಂದ ನಾಸಿಕಕ್ಕೆ ಹೋಗುವ ಕೆಂಪು ಬಸ್ಸು ಹೊರಡಲು ಇನ್ನೂ ಹೊತ್ತಿದೆ, ಡಾಕ್ಟರು ಬರುವುದರೊಳಗೆ ಊರು ದಾಟಿಬಿಡಬಹುದು.

ಕಿಟ್ಟಣ್ಣ ಅಲ್ಲಾಡಲಿಲ್ಲ. ಆಗ ಉಮಾನಾಥರು ನಿಂತಲ್ಲೇ ಅರ್ಥ ಹೇಳಿದರು. ಅಷ್ಟು ಒಳ್ಳೆಯ ಅರ್ಥವನ್ನು ಅವರು ಯಾವ ಕೂಟದಲ್ಲೂ ಹೇಳಿರಲಿಲ್ಲ ಎಂದು ದೋಸೆಕಲ್ಲಿನ ಹತ್ತಿರ ನಿಂತಿದ್ದ ಶೀನನ ಅಭಿಪ್ರಾಯ. ಬಟಾಣಿಯಷ್ಟಿರುವ ವೈರಿಗೆ ಇಡೀ ಬಾಯಿ ಒಪ್ಪಿಸುವುದು ಯಾವ ನೀತಿ ಎಂದರು. ಇಷ್ಟು ತಿಂಗಳಾದರೂ ಕುತ್ತಿಗೆಗೆ ಇಳಿಯದ್ದು ಇನ್ನೊಂದು ತಿಂಗಳು ಇಳಿಯದೆ ಇದ್ದೀತು, ಅಷ್ಟರೊಳಗೆ ಆ ಅಮೆರಿಕದವನ ಔಷಧ ಬಂದರೂ ಬಂತು ಎಂದರು. ಪದ್ಯ ಹೇಳಲಾಗದ ಉಮಾನಾಥ ಉಳಿದು ಯಾರಿಗೆ ಏನಾಗಬೇಕು ಎಂದರು. ಕಲ್ಲಿನ ಮೇಲಿನ ದೋಸೆ ಕಪ್ಪಾಯಿತು, ಶೀನ ತಿರುವಲಿಲ್ಲ. ಕನ್ನಡ ಬಾರದ ಗಿರಾಕಿಗಳು ಇಡ್ಲಿ ಕೈಯಲ್ಲಿ ಹಿಡಿದು ಕೇಳಿದರು.

ಕೊನೆಗೆ ದನಿ ತಗ್ಗಿತು. ಹದಿನಾರು ವರ್ಷದವನನ್ನು ನಿನ್ನ ಅಮ್ಮ ನನ್ನ ಕೈಗೆ ಕೊಟ್ಟಳು ಕಿಟ್ಟ, ಎಂದರು. ನಾಸಿಕಕ್ಕೆ ಕರೆದೆ, ಕೆಲಸ ಕಲಿಸಿದೆ, ಈ ಊರಿನ ಬಸ್ಸಿಗೆ ಇದೇ ಕೈಯಿಂದ ಹತ್ತಿಸಿದೆ. ನಿನ್ನಲ್ಲಿ ಇದುವರೆಗೆ ಏನೂ ಕೇಳಿದವನಲ್ಲ. ಇವತ್ತು ಒಂದು ಬಸ್ಸು ಕೇಳುತ್ತಿದ್ದೇನೆ.

ಕಿಟ್ಟಣ್ಣ ಕೈಯನ್ನು ಪಂಚೆಗೆ ಒರೆಸಿಕೊಂಡ. ಕಣ್ಣು ತುಂಬಿತ್ತು, ಅದನ್ನು ಒರೆಸಲಿಲ್ಲ. ಹೊರಗೆ ಹೋಗಿ ಟಾಂಗಾದವನಿಗೆ ಆಸ್ಪತ್ರೆಯ ಕಡೆಗೇ ತಿರುಗಿಸಿ ನಿಲ್ಲಿಸಲು ಹೇಳಿ ಬಂದ. ಆಮೇಲೆ, ಹುಟ್ಟಿದಂದಿನಿಂದ ಮೊದಲ ಸಲ, ಮಾವನ ಎದುರಿನ ಕುರ್ಚಿ ಎಳೆದು ಕೂತುಕೊಂಡ.

"ನೀವು ಹೇಳಿದ್ದೆಲ್ಲ ಸರಿ ಮಾವ," ಎಂದ. "ನಿಮಗೆ ಎದುರು ಹೇಳುವ ಅರ್ಥ ನನ್ನ ಹತ್ತಿರ ಇಲ್ಲ. ಬಸ್ಸಿಗೆ ಹತ್ತಿಸುವುದಿಲ್ಲ."